ಉತ್ತರ ಗೊತ್ತಿದ್ದ ಸಿದ್ದವ್ವ

ತಡಸದ ಶಾಲೆಯಲ್ಲಿ ಶಿಸ್ತಿನ ಮೇಲೆ ಭಾಷಣ ಮಾಡಲು ನಾನು ಎದ್ದೆ. ನನ್ನ ಧೋತರ ಏಳಲಿಲ್ಲ. ಕುರ್ಚಿಯ ಮೊಳೆಗೆ ಸಿಕ್ಕು ಚರ್ರೆಂದು ಹರಿಯಿತು. ಹುಡುಗರು ಬಿದ್ದುಬಿದ್ದು ನಕ್ಕರು. ಶಾಲಾ ಕಮಿಟಿಯ ಅಧ್ಯಕ್ಷ, ಅಪ್ಪ ತೀರಿದ ಮೇಲೆ ಎಳೇ ವಯಸ್ಸಿಗೇ ಗೌಡಕಿ ಪಡೆದ ಶಂಕ್ರಪ್ಪ, ಬಾಯಿಗೆ ಕೈ ಅಡ್ಡ ಹಿಡಿದು, "ಕೌದಿ ಹೊಲಿಯೋ ಸಿದ್ದವ್ವನ್ನ ಕರೀರಿ" ಎಂದರು.

ಸಾಮಾನಿನ ಕೋಣೆಯಲ್ಲಿ ಜಮಖಾನೆ ಸುತ್ತಿಕೊಂಡು ಕೂತೆ. ಬಾಗಿಲಾಚೆ ಸಿದ್ದವ್ವ ನನ್ನ ಮಾನ ಹೊಲಿಯುತ್ತಿದ್ದಳು.

"ಶಾಲಿ ಕಲ್ತೀಯೇನವ್ವಾ?" ಎಂದೆ, ಸುಮ್ಮನಿರಲಾರದೆ.

"ಇದ ಶಾಲಿ ರೀ. ನಾಕನೇ ಇಯತ್ತೆತನಕ."

ಆಗ ತಿಳಿದದ್ದು ಇಷ್ಟು. ಮೂವತ್ತನಾಲ್ಕನೆಯ ಇಸವಿ. ಆ ತರಗತಿಗೆ ಅವಳೊಬ್ಬಳೇ ಹುಡುಗಿ. ಧಾರವಾಡಕ್ಕೆ ಹೋಗಿ ಮಾಸ್ತರಬಾಯಿ ಆಗಬೇಕೆಂಬ ಹುಚ್ಚು ಬೇರೆ. ಅಂದಿನ ಶಾಲೆಗಳ ಪದ್ಧತಿ ನಮಗೆಲ್ಲ ಗೊತ್ತು: ಉತ್ತರ ಹೇಳಿದವನು ಹೇಳದವರ ಮೂಗು ಹಿಡಿದು ಕಪಾಳಕ್ಕೆ ಬಾರಿಸಬೇಕು. ಮಾಸ್ತರರ ಕೈನೋವು ತಪ್ಪುತ್ತಿತ್ತು. ಒಂದು ದಿನ ಅಜ್ಜಪ್ಪ ಮಾಸ್ತರರು ವರದಾ ನದಿ ಎಲ್ಲಿ ಕೂಡುತ್ತದೆಂದು ಕೇಳಿದರು. ಹುಡುಗರೆಲ್ಲ ತೊಲೆ ನೋಡಿದರು. "ತುಂಗಭದ್ರಾಕ್ಕ ರೀ" ಎಂದಳು ಸಿದ್ದವ್ವ.

"ಹೂಂ, ಹೊಡಿ."

ಹೊಡೆದಳು. ಸಾಲಿನ ಕೊನೆಗೆ ಗೌಡರ ಮಗ ಶಂಕ್ರಪ್ಪ.

ಮರುದಿನದಿಂದ ದಾರಿಯಲ್ಲಿ ಶಗಣಿ ಹಾರತೊಡಗಿತು. ಪಾಟಿ ಒಡೆಯಿತು. ಜಡೆಗೆ ಜಾಲಿ ಮುಳ್ಳು. "ಏ ಮೂಗುಹಿಡಕಿ, ನಿನ್ನ ಗಂಡಗೂ ಹಿಂಗ ಹೊಡೀತಿಯೇನ?"

ಅವಳ ಅಪ್ಪ ಬೀರಪ್ಪ ಶಾಲೆಗೆ ಬಂದು ಕೈಮುಗಿದ. ಅಜ್ಜಪ್ಪ ಮಾಸ್ತರರು ದಯಾಳು. ಕಣ್ಣಲ್ಲಿ ನೀರು ತಂದುಕೊಂಡೇ ಉಪಾಯ ಹುಡುಕಿದರು. ಮೊದಲು, "ಉತ್ತರಾ ಹೇಳವ್ವಾ, ಹೊಡೀಬ್ಯಾಡ." ಕಾಟ ನಿಲ್ಲಲಿಲ್ಲ. "ಹಂಗಾರ ಉತ್ತರಾನೂ ಹೇಳಬ್ಯಾಡ, ನೀ ಜಾಣಿ ಅದೀ." ಆಮೇಲೆ, "ನಾಕ ದಿನ ಪಡಸಾಲ್ಯಾಗ ಕುಂದರು." ದಿನಕ್ಕೊಂದು ಉಪಾಯದಂತೆ ಹುಡುಗಿ ಬಾಗಿಲ ಕಡೆಗೆ ಸರಿದಳು. ಹುಡುಗರು ಮಾತ್ರ ಕೂತಲ್ಲೇ ಕೂತಿದ್ದರು. ಅವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಗೌಡರ ಮಗನಿಗೆ ಹೇಳುವುದೆಂದರೆ ಮಾಸ್ತರಿಕೆ ಗಂಟು ಕಟ್ಟಿದ ಹಾಗೆ.

ಪರೀಕ್ಷೆಗೆ ಇನ್ಸ್‌ಪೆಕ್ಟರ ಸಾಹೇಬರು ಬಂದ ದಿನ ಅವಳನ್ನು ಒಳಗೆ ಕೂರಿಸಿದರು. ಮಾಸ್ತರರು ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: "ಸುಮ್ಮಕಿರವ್ವಾ, ನಿನ್ನ ಸಲುವಾಗಿನ ಹೇಳಾಕತ್ತೇನಿ." ಸಾಹೇಬರು ಅವಳನ್ನೇ ಎಬ್ಬಿಸಿ ಕೇಳಿದರು. ಉತ್ತರ ಗೊತ್ತಿತ್ತು. ತುಟಿ ಬಿಚ್ಚಲಿಲ್ಲ. ಪ್ರಶ್ನೆ ಶಂಕ್ರಪ್ಪನಿಗೆ ಹೋಯಿತು, ಅವನು ಹೇಳಿದ. ಪದ್ಧತಿ ಪದ್ಧತಿಯೇ. ಮೂಗು ಹಿಡಿದು ಹೊಡೆದ ಹೊಡೆತಕ್ಕೆ ಮೂಗುತಿ ಕಿತ್ತು ಮೂಗು ಹರಿದು ನೆತ್ತರು ಸುರಿಯಿತು. ಶಾಲೆಯ ಶಿಸ್ತು ಚಲೋ ಇದೆಯೆಂದು ಸಾಹೇಬರು ಮೆಚ್ಚಿಕೊಂಡರು. ಅವಳನ್ನು ನಾಪಾಸು ಮಾಡಿದರು.

ಮರುದಿನ ಬೀರಪ್ಪ ಮಗಳನ್ನು ಕೌದಿ ಹೊಲಿಯಲು ಕೂರಿಸಿದ.

ಬಾಗಿಲ ಸಂದಿಯಿಂದ ಅವಳ ಮೂಗು ಕಾಣುತ್ತಿತ್ತು. ಎಡಗಡೆ ಸೀಳಿದ ಗುರುತು.

"ಆಮ್ಯಾಲಾದ್ರೂ ಆ ಹುಡುಗ್ರ ಕಾಟ ನಿಂತಿತೇನವ್ವಾ?" ಎಂದೆ.

ಸಿದ್ದವ್ವ ಹಲ್ಲಿನಿಂದ ದಾರ ಕಡಿದು, ಧೋತರವನ್ನು ಬಾಗಿಲ ಸಂದಿಯಿಂದ ಚಾಚಿದಳು.

"ನಿಂತಿತ್ರಿ. ಶಾಲಿ ಬಿಟ್ಟು ನಮ್ಮ ಮನೀತನಕ ಬರಾಕ ಅವ್ರಿಗೆ ಮಾಸ್ತರು ಸೂಟಿ ಕೊಡ್ತಿದ್ದಿಲ್ರಿ."