ಹಾಲು ಒಲ್ಲೆನೆಂದ ಸೊಸೆಯೊಡನೆ ಕಂಪ್ಲಿಗೆ

ಗದಗದಿಂದ ಬೆಳಿಗ್ಗೆ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿದಾಗ ಬಿಸಿಲಿನ್ನೂ ಎಳೆಯದಾಗಿತ್ತು. ಜೊತೆಗಿದ್ದವಳು ನನ್ನ ಹೊಸ ಸೊಸೆ ಚೈತ್ರಾ. ಮದುವೆಯಾದ ಮೇಲೆ ಮದುಮಕ್ಕಳನ್ನು ಬಳಗದವರ ಮನೆಗಳಿಗೆ ಊಟಕ್ಕೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಮಗನಿಗೆ ರಜೆ ಸಿಗದೆ ನಾವಿಬ್ಬರೇ ಹೊರಟಿದ್ದೆವು.

ನನಗಿದ್ದ ಅಳುಕು ಒಂದೇ. ಚೈತ್ರಾ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಹೊಸ ಸೊಸೆಗೆ ಹಾಲು ಕೊಡದ ಮನೆಯೋ, ನಮ್ಮ ಬಳಗದಲ್ಲಿ ಒಂದೂ ಇಲ್ಲ.

ನಿಲ್ದಾಣದ ಹತ್ತಿರ ಒಗ್ಗರಣೆ ಮಿರ್ಚಿ ತಿಂದೆವು. ಹದವಾಗಿ ನೆಂದ ಮಂಡಕ್ಕಿ, ಅದರ ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಬಾಯಿ ಸುಡುವ ಮಿರ್ಚಿ. ಚೈತ್ರಾ ಎರಡನೇ ಪ್ಲೇಟು ಹೇಳಿ ನಕ್ಕಳು: "ಅತ್ತಿ, ನೀವು ಸುಮ್ನ ಚಿಂತಿ ಮಾಡ್ತೀರಿ. ನಾನೇನು ಉಪವಾಸ ಬೀಳಾಂಗಿಲ್ರಿ."

ಹಂಪಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಗುಡಿಯ ಮುಂದೆ ಬಾಳೆಹಣ್ಣು ಕೊಂಡಾಗ ಪ್ಲಾಸ್ಟಿಕ್ ಚೀಲ ಬೇಡವೆಂದು ಅವಳು ತನ್ನ ಬಟ್ಟೆಯ ಚೀಲ ಬಿಚ್ಚಿದಳು. ಬಂಡೆಯ ನೆರಳಲ್ಲಿ ಕೂತು ಹಣ್ಣು ತಿಂದು, ಸಿಪ್ಪೆಯನ್ನೆಲ್ಲ ಒಂದು ಬೀಡಾಡಿ ಹಸುವಿಗೆ ತಿನ್ನಿಸಿದಳು. ಹಸು ಅವಳ ಅಂಗೈ ನೆಕ್ಕುತ್ತ ಬಹಳ ಹೊತ್ತು ನಿಂತಿತು. ಅವಳಿಗೂ ಏಳುವ ಅವಸರವಿರಲಿಲ್ಲ.

ಸಂಜೆ ಸಂಡೂರಿನ ಕಡೆ ಹೊರಟು ಯಶವಂತನಗರದಲ್ಲಿ ನನ್ನ ತಮ್ಮನ ಮನೆ ಸೇರಿದೆವು. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಬೇಲಿಯ ಎಲೆಗಳೆಲ್ಲ ಅದರ ಧೂಳಿಗೆ ಕೆಂಪು. ತಮ್ಮನ ಹೆಂಡತಿ ಹಿತ್ತಲಿನ ಪುಂಡಿ ಸೊಪ್ಪನ್ನು ಮತ್ತೆ ಮತ್ತೆ ತೊಳೆದು ಪಲ್ಯ ಮಾಡಿದ್ದಳು. ಬಿಸಿ ರೊಟ್ಟಿಯ ಜೊತೆ ಅದರ ಹುಳಿ ಸೊಗಸಾಗಿತ್ತು. ಕೊನೆಗೆ ಮೊಸರಿನ ಗಡಿಗೆ ಬಂತು. ನಾನು ಅವಸರದಲ್ಲಿ, "ಆಕಿಗೆ ನೆಗಡಿ ಆಗೇತಿ, ಬ್ಯಾಡ" ಎಂದುಬಿಟ್ಟೆ.

ಮರುದಿನ ಬಸ್ಸಿನಲ್ಲಿ ಚೈತ್ರಾ ಮೆಲ್ಲಗೆ ಹೇಳಿದಳು: "ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ ಅತ್ತಿ. ನಾನ ಹೇಳ್ತೀನಿ."

"ಕಂಪ್ಲಿ ದೊಡ್ಡವ್ವನ ಮುಂದನೂ ಹೇಳ್ತೀ?"

"ಹೇಳ್ತೀನಿ."

ಗೌರಮ್ಮ ನನ್ನ ಗಂಡನ ದೊಡ್ಡವ್ವ. ಆಕೆಯ ಮಗ ಅಕ್ಕಿ ಗಿರಣಿ ನಡೆಸುತ್ತಾನೆ, ಹಿತ್ತಲಲ್ಲಿ ನಾಲ್ಕು ಎಮ್ಮೆ. ನನ್ನ ಮದುವೆಯಾದಾಗ ಆಕೆ ಕೈಯಾರೆ ಕುಡಿಸಿದ ಹಾಲಿನ ಬಿಸಿ ನನಗಿನ್ನೂ ನೆನಪಿದೆ. ಹೊಸಪೇಟೆಯಿಂದ ಕಂಪ್ಲಿಗೆ ಮೂವತ್ತು ಕಿಲೋಮೀಟರಿನಷ್ಟು. ಗದ್ದೆ, ಕಬ್ಬು, ಕಾಲುವೆ ಎಲ್ಲ ಹಿಂದೆ ಸರಿದವು; ನನ್ನ ಕಣ್ಣಿಗೆ ಮಾತ್ರ ಏನೂ ಬೀಳಲಿಲ್ಲ.

ಅಂದುಕೊಂಡಂತೆಯೇ ಆಯಿತು. ದೊಡ್ಡವ್ವ ಬೆಳ್ಳಿ ಲೋಟದಲ್ಲಿ ಕೇಸರಿ ಹಾಲು ತಂದಳು. ಚೈತ್ರಾ ಅವಳ ಕಾಲು ಮುಟ್ಟಿ ನಮಸ್ಕರಿಸಿ, "ಅಜ್ಜಿ, ನಾನು ಹಾಲು ಕುಡಿಯಂಗಿಲ್ರಿ. ಬ್ಯಾರೆ ಏನು ಕೊಟ್ರೂ ಉಣ್ತೀನಿ" ಎಂದಳು.

"ಯಾಕ, ನಮ್ಮನಿ ಹಾಲಿಗೆ ಏನಾಗೇತಿ?"

"ಹಾಲಿಗೆ ಏನೂ ಆಗಿಲ್ರಿ. ನಮ್ಮನ್ಯಾಗೂ ಎಮ್ಮಿ ಇದ್ವು. ಕುಡಿಯೋ ಕರಾನ ಎಳದು ಕಟ್ಟೋದು ನನ್ನ ಕೈಲಿ ಆಗ್ತಿರಲಿಲ್ಲ. ಅವತ್ತಿಂದ ಗಂಟಲದಾಗ ಇಳಿಯಂಗಿಲ್ಲ."

ದೊಡ್ಡವ್ವ ಲೋಟ ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಚೈತ್ರಾಳ ಕಡೆ ನೋಡದೆಯೇ ಬಡಿಸಿದಳು. ಮಾಡಿಟ್ಟ ತುಪ್ಪದ ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಚೈತ್ರಾಳ ಕಣ್ಣು ತುಂಬಿದ್ದನ್ನು ನಾನು ಕಂಡೆ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವಳು ಅಡುಗೆಮನೆಯಲ್ಲಿದ್ದಳು. ದೊಡ್ಡವ್ವನ ಸೊಸೆಯನ್ನು ಕೇಳಿ ರಾತ್ರಿಯೇ ನೆನೆಹಾಕಿದ್ದ ಶೇಂಗಾ ಬೀಜವನ್ನು ರುಬ್ಬಿ, ತಾನು ತಂದಿದ್ದ ಬಿಳಿಯ ಬಟ್ಟೆಯಲ್ಲಿ ಸೋಸಿ, ಆ ಹಾಲಿನಲ್ಲಿ ನವಣೆ ಬೇಯಿಸಿ ಬೆಲ್ಲ ಹಾಕಿದ್ದಳು. ಏಲಕ್ಕಿಯ ವಾಸನೆಗೆ ದೊಡ್ಡವ್ವ ಬಂದು ಬಾಗಿಲಲ್ಲಿ ನಿಂತಳು.

"ಏನದು?"

"ಹುಗ್ಗಿರಿ ಅಜ್ಜಿ. ಒಂದು ತುತ್ತು ನೋಡ್ರಿ."

ದೊಡ್ಡವ್ವ ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟಳು. ಆಮೇಲೆ ಬಟ್ಟಲು ಹಿಡಿದು ನೆಲದ ಮೇಲೆ ಕೂತಳು. ಬಟ್ಟಲು ಖಾಲಿಯಾಗುವ ತನಕ ತಲೆ ಎತ್ತಲಿಲ್ಲ.

"ನಮ್ಮವ್ವ ಇದನ್ನ ಮಾಡ್ತಿದ್ಲು," ಎಂದಳು. "ನಮ್ಮ ತವರಮನಿ ಎಮ್ಮಿ ಹಾಲೆಲ್ಲ ಮಾರಾಕ ಹೋಗ್ತಿತ್ತು. ನಮಗ ಮಕ್ಕಳಿಗೆ ಶೇಂಗಾ ಹಾಲು, ನವಣಿ. ನನ್ನ ಈ ಗಿರಣಿ ಮನಿಗೆ ಕೊಟ್ಟರು ನೋಡು, ಬಡವರ ಉಣಿಸು ಅಂತ ಇಲ್ಲಿ ಯಾರ ಮುಂದೂ ಹೆಸರೆತ್ತಲಿಲ್ಲ ನಾನು. ಇದರ ರುಚಿ ಮರ್ತೇ ಹೋಗಿತ್ತವ್ವ."

ಚೈತ್ರಾ ಪಕ್ಕದಲ್ಲಿ ಕೂತಳು. "ಇನ್ನಷ್ಟು ಹಾಕ್ಲೇನ್ರಿ?"

"ಹಾಕು. ನೀನೂ ತಗೋ. ನಿಮ್ಮ ಅತ್ತಿಗೂ ಹಾಕು, ನಿಂತಾಳ ನೋಡು ಗುಮ್ಮನಂಗ."

ಮಧ್ಯಾಹ್ನ ಅವರಿಬ್ಬರೂ ಸೇರಿ ಅಡುಗೆ ಮಾಡಿದರು: ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ದೊಡ್ಡವ್ವ ತನ್ನ ಅವ್ವನ ಬಗ್ಗೆ ಹೇಳುತ್ತಲೇ ಇದ್ದಳು. ಇಷ್ಟು ವರ್ಷ ಬಂದುಹೋಗಿದ್ದರೂ ಆ ತಾಯಿಯ ಹೆಸರು ನೀಲವ್ವ ಎಂದು ನನಗೆ ತಿಳಿದದ್ದು ಅಂದೇ.

ಹೊರಡುವಾಗ ದೊಡ್ಡವ್ವ ಚೈತ್ರಾಳಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿಯ ಮೇಲೆ ಒಂದು ಹಿಡಿ ನವಣೆ, ಒಂದು ಹಿಡಿ ಶೇಂಗಾ. ಆಮೇಲೆ ಸಂಕೋಚದಿಂದ, "ಆ ಸೋಸೋ ಬಟ್ಟಿ ನನಗಿರಲೇನವ್ವ?" ಎಂದು ಕೇಳಿದಳು.

ಆಟೋ ಗಿರಣಿಯ ಮೂಲೆ ತಿರುಗುವಾಗ ಹಿಂತಿರುಗಿ ನೋಡಿದೆ. ದೊಡ್ಡವ್ವ ಅಂಗಳದಲ್ಲಿ ನಿಂತು, ತೊಳೆದ ಆ ಬಿಳಿಯ ಬಟ್ಟೆಯನ್ನು ಕೊಡವಿ ಕೊಡವಿ ಹಗ್ಗದ ಮೇಲೆ ಹರವುತ್ತಿದ್ದಳು.