ಬಚ್ಚಲ ಬಾಗಿಲ ಮುಂದೆ ಕಲಿತ ಪಾಠ

ಎಂಬತ್ತರ ದಶಕದ ಆ ಬೆಳಿಗ್ಗೆಯೂ ನಾನು ನಮ್ಮ ಬೋಳಾರದ ಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದೆ. ಮಾವ ಎಂದಿನಂತೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹೊರಗೆ ನನ್ನ ಗಂಡ ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿ, ಪುಸ್ತಕ ಹಿಡಿದು ಕಾಯುತ್ತಿದ್ದರು. ಅಂದು ಅವರು ಕೆಲಸಕ್ಕಿದ್ದ ಬೈಕಂಪಾಡಿಯ ಕಾರ್ಖಾನೆಯಲ್ಲಿ ಅವರಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿನ ಮೌಖಿಕ ಪರೀಕ್ಷೆ. ಎರಡು ಸಲ ಫೇಲಾಗಿತ್ತು. ಈ ಸಲವೂ ಹೋದರೆ ಬಡ್ತಿ ಅವರ ಜೂನಿಯರನ ಪಾಲು.

"ಕ್ರಿಟಿಕಲ್ ಪಾತ್ ಅಂದ್ರೆ ಎಂತ?" ಎಂದು ಕಾವಲಿಯ ಬಳಿಯಿಂದಲೇ ಕೇಳಿದೆ. ಪುಸ್ತಕದ ಇಂಗ್ಲಿಷನ್ನು ನಾನು ಕಲಿತ ಕಾನ್ವೆಂಟ್ ಶಾಲೆಯ ಪ್ರಾರ್ಥನೆಯಂತೆ ಗಡಗಡ ಒಪ್ಪಿಸಿದರು. ಅರ್ಥ ಕೇಳಿದರೆ ಮತ್ತೆ ಪುಸ್ತಕದ ಹಾಳೆ ತಿರುವತೊಡಗಿದರು.

ನಾನು ಸೌಟಿನಿಂದ ಬಚ್ಚಲ ಬಾಗಿಲು ತೋರಿಸಿದೆ. "ಅದೇ. ಅದೊಂದು ತಡವಾದ್ರೆ ಎಲ್ಲವೂ ತಡ. ನಾನು ಎಷ್ಟು ಬೇಗ ದೋಸೆ ಮಾಡಿದ್ರೂ ಮಾವ ಹೊರಗೆ ಬರದೆ ನಿಮಗೆ ಬಸ್ಸು ಸಿಗ್ಲಿಕ್ಕಿಲ್ಲ."

ಒಳಗಿನ ಗಂಟಲು ಒಮ್ಮೆ ನಿಂತು, ಮತ್ತೆ ಶುರುವಾಯಿತು.

ಸಂಜೆ ಇವರು ಮಲ್ಲಿಗೆ ಚೆಂಡು ಹಿಡಿದುಕೊಂಡು ಬಂದರು. ಪರೀಕ್ಷಕರು ಕ್ರಿಟಿಕಲ್ ಪಾತ್ ಅಂದ್ರೆ ಏನೆಂದೇ ಕೇಳಿದರಂತೆ. ಇವರು ಬಚ್ಚಲಿನ ಕತೆಯನ್ನೇ ಹೇಳಿದರಂತೆ. ಅವರು ನಕ್ಕು, ಅಲ್ಲಿಯೇ ಪಾಸು ಮಾಡಿದರಂತೆ.

ಇಡೀ ಕತೆಯನ್ನು ಪಕ್ಕದ ಮನೆಯ ಕಲ್ಯಾಣಿಯಕ್ಕನಿಗೆ ಹೇಳಿದೆ. ಒಣಗಿದ ಬಟ್ಟೆ ತೆಗೆಯುತ್ತಲೇ ಅವರೆಂದರು: "ಒಳ್ಳೇದಾಯ್ತು ಮಾರಾಯ್ತಿ. ಮಾವ ಹೊರಗೆ ಬಂದ್ರಾ?"