ಗೇಟು ಅದೇ, ಕೋರ್ಸು ಬೇರೆ

ಗಜೇಂದ್ರ ಮೇಷ್ಟ್ರು ಬೈಯುವುದು ತೆಲುಗಿನಲ್ಲಿ, ಹೊಗಳುವುದು ತಮಿಳಿನಲ್ಲಿ, ಪಾಠ ಮಾತ್ರ ಕನ್ನಡದಲ್ಲಿ. ರಾಬರ್ಟ್‌ಸನ್‌ಪೇಟೆಯ ನಮ್ಮ ಡಿಪ್ಲೊಮಾ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಿಷನ್ನುಗಳು ಎಷ್ಟೇ ಅಬ್ಬರಿಸಲಿ, ಆ ಮೂರೂ ಭಾಷೆ ರಸ್ತೆಯವರೆಗೆ ಕೇಳುತ್ತಿದ್ದವು. ಖುಷಿಯಾದರಂತೂ ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಓಡಾಡುತ್ತಲೇ ತಿನ್ನುತ್ತಿದ್ದರು.

ನಮ್ಮ ಕಾಲೇಜಿಗೇ ಪದವಿ ಕೋರ್ಸ್ ಬಂದ ದಿನ ಅವರನ್ನು ನೋಡಬೇಕಿತ್ತು. "ಬೆಂಗ್ಳೂರ್‌ಗೆ ಓಗಂಗಿಲ್ಲ ಕಣ್ರಮ್ಮೀ, ಡಿಗ್ರೀನೇ ನಮ್ ಗೇಟೊಳಿಕ್ ಬಂದೈತೆ," ಎನ್ನುತ್ತಾ ಡಿಪ್ಲೊಮಾ ಮುಗಿಸಿದ್ದ ನಮ್ಮನ್ನೆಲ್ಲ ಸೇರಿಸಿದರು. ನಾನು ಬೇತಮಂಗಲದ ಕಡೆಯವಳು, ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ವಿದ್ಯಾರ್ಥಿವೇತನ ಬಂದರೆ ಓದು, ಇಲ್ಲದಿದ್ದರೆ ಗಾರ್ಮೆಂಟ್ಸ್ ಎಂದು ಮನೆಯಲ್ಲಿ ಮಾತಾಗಿತ್ತು.

ವಿದ್ಯಾರ್ಥಿವೇತನದ ಅರ್ಜಿಗಳನ್ನೂ ಮೇಷ್ಟ್ರೇ ಮುಂದೆ ನಿಂತು ಹಾಕಿಸಿದರು. ಆದರೆ ಎಲ್ಲರ ಫೋನಿಗೂ ಬಂದದ್ದು ಒಂದೇ ಉತ್ತರ: ಅರ್ಹರಲ್ಲ. ಡಿಪ್ಲೊಮಾ ಕಾಲೇಜಿನಲ್ಲಿ ಡಿಗ್ರಿ ಓದಿದರೆ ಸರ್ಕಾರ ಕೊಡುವುದಿಲ್ಲವಂತೆ ಎಂದು ಸುದ್ದಿ ಹಬ್ಬಿತು. ಅಮ್ಮ ಗಾರ್ಮೆಂಟ್ಸ್ ವ್ಯಾನಿನವನನ್ನು ಮಾತಾಡಿಸಿಕೊಂಡೂ ಬಂದಳು.

ಮೇಷ್ಟ್ರು ಮಾತ್ರ ಕುದಿಯುತ್ತಿದ್ದರು. "ನಡಿಯಮ್ಮೀ ಕೋಲಾರಕ್ಕೆ. ಒಂದ್ ಕೈ ನೋಡೇಬಿಡಾನ," ಎಂದು ನನ್ನನ್ನು ಬಸ್ಸು ಹತ್ತಿಸಿದರು. ಅಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಮೇಜಿನ ಮುಂದೆ ನಿಂತು, "ಕಾಲೇಜು ಸಣ್ಣದಾದ್ರೆ ಡಿಗ್ರೀನೂ ಸಣ್ಣದಾಯ್ತದಾ ಸ್ವಾಮೀ?" ಎಂದು ಇನ್ನೇನು ತೆಲುಗಿಗೆ ಜಾರಬೇಕು, ಅಷ್ಟರಲ್ಲಿ ಅಲ್ಲಿದ್ದ ಮೇಡಂ ಕಂಪ್ಯೂಟರನ್ನು ನಮ್ಮತ್ತ ತಿರುಗಿಸಿದರು.

"ಕಾಲೇಜಿನದೇನೂ ತೊಂದ್ರೆ ಇಲ್ಲ ಸಾರ್. ಡಿಗ್ರಿಗೆ ಇವ್ರು ಅರ್ಹರೇ. ಆದ್ರೆ ಹೊಸ ಅರ್ಜಿ ಹಾಕೋ ಬದ್ಲು ಹಳೇ ಡಿಪ್ಲೊಮಾದ್ದನ್ನೇ ನವೀಕರಣ ಮಾಡಿದಾರೆ. ಅದು ಮುಗಿದುಹೋದ ಕೋರ್ಸು. ಯಾರು ಹೇಳಿದ್ದು ಇವ್ರಿಗೆ?"

ಹೇಳಿದ್ದು ಮೇಷ್ಟ್ರೇ. ಗೇಟು ಅದೇ, ಬೆಂಚು ಅದೇ, ಮಕ್ಕಳೂ ಅವರೇ, ಹಾಗಾಗಿ ಎಲ್ಲರೂ ಹಳಬರೇ ಎಂಬುದು ಅವರ ಲೆಕ್ಕ. ಅವರು ಬಗ್ಗಿ ಪರದೆಯನ್ನು ಇನ್ನೊಮ್ಮೆ ಓದಿಕೊಂಡರು. ಆಮೇಲೆ, "ನಾನೇ ಮೇಡಂ. ನನ್ ತಲೇಗಿಷ್ಟು ಮಣ್ಣಾಕ," ಎಂದರು. "ಇನ್ನೂ ಟೈಮ್ ಐತಾ?"

"ನಾಳೆವರೆಗೂ ಇದೆ ಸಾರ್."

ಆ ಮರುದಿನವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಳಗ್ಗೆಯೇ ಮೇಷ್ಟ್ರ ಮೊಪೆಡ್ಡು ನನ್ನ ಸಹಪಾಠಿಗಳಿದ್ದ ನಂದಿದುರ್ಗ ಚಿನ್ನದ ಗಣಿಯ ಹಳೇ ಕಾರ್ಮಿಕರ ಲೈನುಮನೆಗಳ ನಡುವೆ ಹಾರ್ನ್ ಹೊಡೆಯುತ್ತಾ ನುಗ್ಗಿತು. "ವಾಮ್ಮಾ, ಬೇಗ ಬಾ, ನನ್ ತಪ್ಪು ನಾನೇ ತಿದ್ಬೇಕು," ಎಂದು ಹಲ್ಲುಜ್ಜುತ್ತಿದ್ದವರನ್ನೂ ಹಾಗೆಯೇ ಹೊರಡಿಸಿ ಪೇಟೆಯ ಕಂಪ್ಯೂಟರ್ ಅಂಗಡಿಗೆ ತಂದು ಕೂರಿಸಿದರು. ಸರ್ವರ್ ನಿಂತಾಗಲೆಲ್ಲ ಅದಕ್ಕೂ ತೆಲುಗಿನಲ್ಲೇ ಮಂಗಳಾರತಿ. ಸಂಜೆಯ ಹೊತ್ತಿಗೆ ಕೊನೆಯ ಅರ್ಜಿಯೂ ಹೋಯಿತು, ನಾವೆಲ್ಲ ನಡುರಸ್ತೆಯಲ್ಲೇ ಕುಣಿದುಬಿಟ್ಟೆವು.

ವಿದ್ಯಾರ್ಥಿವೇತನ ಮಂಜೂರಾಗುವಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿ, ಚಿತ್ತೂರಿನ ಮಗಳ ಮನೆಗೆ ಹೊರಟಿದ್ದರು. ಮುಂದೆ ಅಲ್ಲೇ ಅವರು ತೀರಿಕೊಂಡರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ನಾನು ಏದುಸಿರು ಬಿಡುತ್ತಾ ಹೋಗಿ ಮುಟ್ಟಿದಾಗ ರೈಲು ಕದಲಿತ್ತು. ಅವರ ಕಿಟಕಿಯ ಜೊತೆಗೇ ಓಡುತ್ತಾ, "ಬಂತು ಸಾರ್, ನಂಗೆ ಬಂತು," ಎಂದು ಕೂಗಿದೆ.

ಅವರು ನಗಲಿಲ್ಲ. "ಮಿಕ್ಕೋರ್ಗೆ?" ಎಂದರು.

"ಎಲ್ಲಾರ್ಗೂ ಸಾರ್."

ನನಗೆ ಕೈ ಬೀಸುವುದನ್ನೂ ಮರೆತು, ಪಕ್ಕದ ಸೀಟಿನ ಅಪರಿಚಿತರ ತೋಳು ಹಿಡಿದುಕೊಂಡು ಅದನ್ನೇ ಹೇಳತೊಡಗಿದರು.